ಪಿನ್, ಪಾಸ್‌ವರ್ಡ್ ಕಾಯುವ ಹೊಣೆ: ಮಲೆನಾಡಿನ ಮನೆಗಳಿಗೆ ಒಂದು ಕೈಪಿಡಿ

ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮನೆಗಳಲ್ಲಿ ಎಟಿಎಂ ಕಾರ್ಡು ಅಪ್ಪಯ್ಯನದು, ಅದರ ಪಿನ್ ಗೊತ್ತಿರುವುದು ಮಗನಿಗೆ, ಓಟಿಪಿ ಬರುವ ಸಿಮ್ ಇರುವುದು ಸೊಸೆಯ ಫೋನಿನಲ್ಲಿ. ಇದರಲ್ಲಿ ಯಾರ ಕೆಟ್ಟ ಬುದ್ಧಿಯೂ ಇಲ್ಲ. ಎಟಿಎಂ ಇರುವ ಪೇಟೆ ದೂರ, ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ವಯಸ್ಸಾದವರಿಗೆ ಪರದೆಯ ಅಕ್ಷರ ಕಾಣುವುದಿಲ್ಲ. ಆದರೆ ದುಡ್ಡು ಹೋದ ದಿನ ಬ್ಯಾಂಕಿನವರು ಮೊದಲು ಕೇಳುವುದು ‘ಪಿನ್ ಯಾರಿಗಾದರೂ ಹೇಳಿದ್ರಾ?’ ಎಂದು. ಹೌದು ಎಂದರೆ ಅಲ್ಲಿಂದ ಮುಂದಿನ ಲೆಕ್ಕವೇ ಬೇರೆ. ಯಾರಿಗೂ ಹೇಳಬೇಡಿ ಎಂಬ ಬೋರ್ಡು ಎಲ್ಲ ಬ್ಯಾಂಕಿನ ಗೋಡೆಯಲ್ಲೂ ಇದೆ. ಹೇಳದೆ ಮನೆವಾರ್ತೆ ನಡೆಸುವುದು ಹೇಗೆ ಎಂಬುದು ಆ ಬೋರ್ಡಿನಲ್ಲಿಲ್ಲ. ಅದನ್ನೇ ಇಲ್ಲಿ ವಿವರವಾಗಿ ಬರೆದಿದೆ.

ನಷ್ಟ ಯಾರ ತಲೆಗೆ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಯಿಂದ ಹಣ ಹೋದರೆ ಯಾರು ಎಷ್ಟು ಹೊರಬೇಕು ಎಂಬುದು ಅದರಲ್ಲಿದೆ. ಅದೇ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅದೇ ಬಗೆಯ ನಿಯಮ ಬಂತು. ತಪ್ಪು ಬ್ಯಾಂಕಿನದಾದರೆ ನಷ್ಟ ಪೂರ್ತಿ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಇನ್ನೆಲ್ಲೋ ಸೋರಿದೆ ಎಂದಾದರೆ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಒಂದು ರೂಪಾಯಿಯ ಹೊರೆಯೂ ಇಲ್ಲ. ನಾಲ್ಕರಿಂದ ಏಳನೆಯ ಕೆಲಸದ ದಿನದೊಳಗೆ ತಿಳಿಸಿದರೆ ಮೂಲ ಉಳಿತಾಯ ಖಾತೆಯವರಿಗೆ (ಜನಧನ್ ಥರದ್ದು) ಹೆಚ್ಚೆಂದರೆ 5,000 ರೂಪಾಯಿ, ಮಾಮೂಲಿ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000 ರೂಪಾಯಿ ಹೊರೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ಸಂದೇಶ ಬಂದ ದಿನವನ್ನೂ ನಿಮ್ಮ ಶಾಖೆಯ ರಜಾದಿನಗಳನ್ನೂ ಎಣಿಸುವುದಿಲ್ಲ.

ಪಿನ್ ಅಥವಾ ಓಟಿಪಿಯನ್ನು ಗ್ರಾಹಕರೇ ಹೇಳಿಬಿಟ್ಟಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಹಾಗಾಗಿ ತಪ್ಪು ನಮ್ಮದೇ ಎಂದು ನಾಚಿಕೊಂಡು ಸುಮ್ಮನೆ ಕೂತ ಪ್ರತಿ ಗಂಟೆಯೂ ನಿಮ್ಮ ಜೇಬಿನದು. ಇನ್ನೊಂದು ಮಾತು ತುಂಬ ಜನರಿಗೆ ತಿಳಿದಿಲ್ಲ: ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ‘ಪಿನ್ ಹಾಕಿದ್ದಾರೆ, ಅಂದರೆ ನೀವೇ ಹೇಳಿರಬೇಕು’ ಎಂದು ಕೌಂಟರಿನಲ್ಲಿ ಅಂದರೆ ಅದನ್ನೇ ಬರೆದುಕೊಡಿ ಎಂದು ಕೇಳಿ.

ಮನೆಯವರಿಗೆ ಹೇಳಿದರೂ ಹೇಳಿದಂತೆಯೇ. ಬೆಂಗಳೂರಿನ ಗ್ರಾಹಕ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ಹೆಂಡತಿಯ ಕಾರ್ಡು ಮತ್ತು ಪಿನ್ ತೆಗೆದುಕೊಂಡು ಗಂಡ ಎಟಿಎಂಗೆ ಹೋಗಿದ್ದರು. ಯಂತ್ರ ಹಣ ಕೊಡಲಿಲ್ಲ, ಖಾತೆಯಿಂದ 25,000 ರೂಪಾಯಿ ಕಡಿತವಾಯಿತು. ಕಾರ್ಡು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ ಎಂಬ ಬ್ಯಾಂಕಿನ ವಾದವೇ ಗೆದ್ದಿತು. ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳುಹಿಸಬೇಕಿತ್ತು ಎಂದು ನ್ಯಾಯಾಲಯ ಹೇಳಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಎಟಿಎಂ ಅರ್ಧಕ್ಕೆ ನಿಲ್ಲುವುದು ನಮ್ಮ ಕಡೆ ಹೊಸತಲ್ಲ. ಹಣ ಬಾರದೆ ಖಾತೆಯಲ್ಲಿ ಕಡಿತವಾದರೆ ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ ಕೊಡಬೇಕು ಎಂಬ ನಿಯಮ 2019ರಿಂದ ಇದೆ. ಅದನ್ನು ಕೇಳಲು ಹೋದಾಗ ಸಿಸಿಟಿವಿಯಲ್ಲಿ ಕಾಣುವ ಮುಖ ಖಾತೆದಾರರದೇ ಆಗಿದ್ದರೆ ಮಾತು ಬೇಗ ಮುಗಿಯುತ್ತದೆ.

ಪಿನ್ ಹೇಳದೆ ಕೆಲಸ ಮಾಡಿಸಿಕೊಳ್ಳುವುದು

ಇದಕ್ಕೆ ದಾರಿಗಳು ಸಾಕಷ್ಟಿವೆ. ಶಾಖೆಗಳಲ್ಲಿ ಕೇಳಿದವರಿಗಷ್ಟೇ ಹೇಳುತ್ತಾರೆ, ಆದ್ದರಿಂದ ಹೆಸರು ಹಿಡಿದು ಕೇಳಿ.

ಜಂಟಿ ಖಾತೆ ಮೊದಲನೆಯದು. ಅಪ್ಪ ಮತ್ತು ಮಗ, ಅಥವಾ ಗಂಡ ಹೆಂಡತಿ, ‘ಐದರ್ ಆರ್ ಸರ್ವೈವರ್’ ಎಂಬ ಷರತ್ತಿನಲ್ಲಿ ಖಾತೆ ಮಾಡಿಸಿದರೆ ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದು. ಇಬ್ಬರಿಗೂ ಬೇರೆ ಬೇರೆ ಕಾರ್ಡು, ಬೇರೆ ಬೇರೆ ಪಿನ್. ಈಗಿರುವ ಖಾತೆಗೇ ಹೆಸರು ಸೇರಿಸಬಹುದು, ಇಬ್ಬರೂ ಒಮ್ಮೆ ಶಾಖೆಗೆ ಹೋಗಿ ಸಹಿ ಹಾಕಬೇಕು. ಆದರೆ ಹೀಗೆ ಮಾಡಿದರೆ ಮಗ ಪೂರ್ತಿ ಹಣವನ್ನೂ ತೆಗೆಯಬಲ್ಲ. ಅಷ್ಟು ಅಧಿಕಾರ ಬೇಡ ಎಂದಾದರೆ ಮ್ಯಾಂಡೇಟ್ ಪತ್ರ ಕೊಡಿ. ಅದರಲ್ಲಿ ಖಾತೆ ನಿಮ್ಮದೇ ಆಗಿರುತ್ತದೆ, ಚೆಕ್ಕಿಗೆ ಸಹಿ ಹಾಕುವ ಹಕ್ಕು ಮಾತ್ರ ಇನ್ನೊಬ್ಬರಿಗೂ ಸಿಗುತ್ತದೆ, ಬೇಡವೆನಿಸಿದ ದಿನ ಬರೆದುಕೊಟ್ಟು ಹಿಂತೆಗೆದುಕೊಳ್ಳಬಹುದು.

ಒಂದೇ ಸಲದ ಕೆಲಸವಾದರೆ ಸೆಲ್ಫ್ ಚೆಕ್ ಸಾಕು. ವಿತ್‌ಡ್ರಾವಲ್ ಸ್ಲಿಪ್ಪಿಗೆ ಸಾಮಾನ್ಯವಾಗಿ ಖಾತೆದಾರರೇ ಪಾಸ್‌ಬುಕ್ ಹಿಡಿದು ಹೋಗಬೇಕು, ಚೆಕ್ಕನ್ನು ಬೇರೆಯವರು ಒಯ್ಯಬಹುದು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಜಾಗ ಬಿಡದಂತೆ ಬರೆಯಿರಿ. ದಾರಿಯಲ್ಲಿ ಕಳೆದರೆ ಸಿಕ್ಕವರು ಹಣ ಮಾಡಿಕೊಳ್ಳಬಹುದಾದ್ದರಿಂದ ಹೋಗುವ ದಿನವೇ ಬರೆದುಕೊಡಿ, ಮುಂಚೆ ಸಹಿ ಹಾಕಿ ಇಡಬೇಡಿ. ಹಾಸಿಗೆ ಹಿಡಿದವರಿಗೆ ಬೇರೆ ವ್ಯವಸ್ಥೆ ಇದೆ. ಸಹಿ ಹಾಕಲಾಗದವರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಲು ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅಂಚೆಯವರ ಮೂಲಕವೂ ಮನೆಯಲ್ಲೇ ಸಣ್ಣ ಮೊತ್ತ ತೆಗೆಯಬಹುದು.

ಮನೆಯ ಹಿರಿಯರ ಹಣದಿಂದ ಔಷಧಿ, ದಿನಸಿ, ಗ್ಯಾಸ್ ಬಿಲ್ಲು ಕಟ್ಟುವವರು ಮಕ್ಕಳಾಗಿದ್ದರೆ ಯುಪಿಐ ಸರ್ಕಲ್ ಎಲ್ಲಕ್ಕಿಂತ ಅನುಕೂಲ. 2024ರ ಆಗಸ್ಟಿನಲ್ಲಿ ಬಂದ ಸೌಲಭ್ಯ ಇದು. ಖಾತೆದಾರರು ತಮ್ಮ ಯುಪಿಐ ಆ್ಯಪಿನಲ್ಲಿ ಇನ್ನೊಬ್ಬರನ್ನು ಸೇರಿಸುತ್ತಾರೆ. ಆ ಇನ್ನೊಬ್ಬರು ತಮ್ಮದೇ ಫೋನಿನಿಂದ, ಖಾತೆದಾರರ ಪಿನ್ ತಿಳಿಯದೆಯೇ, ಪಾವತಿ ಮಾಡುತ್ತಾರೆ. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಮೇಲ್ಮಿತಿ. ಅದಕ್ಕಿಂತ ಕಡಿಮೆಯ ಮಿತಿಯನ್ನೂ ನೀವೇ ಹಾಕಬಹುದು. ಭಾಗಶಃ ಅಧಿಕಾರವಾದರೆ ಪ್ರತಿ ಪಾವತಿಗೂ ಖಾತೆದಾರರ ಫೋನಿಗೆ ಕೋರಿಕೆ ಬರುತ್ತದೆ, ಅವರು ಪಿನ್ ಹಾಕಿದರೆ ಮಾತ್ರ ಹಣ ಹೋಗುತ್ತದೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಈ ಎರಡನೆಯದು ಕೈಕೊಡುತ್ತದೆ: ಮಗ ಮೆಡಿಕಲ್ ಶಾಪಿನ ಮುಂದೆ ನಿಂತಿರುತ್ತಾನೆ, ಕೋರಿಕೆ ಮನೆಯ ಫೋನಿಗೆ ತಲುಪಿರುವುದಿಲ್ಲ. ಅಂಥ ಕಡೆ ಮೊದಲನೆಯದನ್ನೇ ಸಣ್ಣ ಮಿತಿಯಲ್ಲಿ ಕೊಡಿ.

ಇವೆಲ್ಲಕ್ಕೂ ಮೊದಲು, ದೊಡ್ಡ ಹಣ ಮತ್ತು ದಿನಖರ್ಚಿನ ಹಣ ಒಂದೇ ಖಾತೆಯಲ್ಲಿ ಇರಬಾರದು. ಅಡಿಕೆ ಮಾರಿದ ದುಡ್ಡು ಮಂಡಿಯಿಂದಲೋ ಅಡಿಕೆ ಮಾರಾಟ ಸಹಕಾರ ಸಂಘವಾದ ಮಾಮ್ಕೋಸ್‌ನಿಂದಲೋ ವರ್ಷಕ್ಕೆ ಕೆಲವೇ ಸಲ, ದೊಡ್ಡ ಮೊತ್ತದಲ್ಲಿ ಬಂದು ಬೀಳುತ್ತದೆ. ಆ ಖಾತೆಗೆ ಯುಪಿಐ ಜೋಡಿಸಬೇಡಿ. ಜೋಡಿಸದಿದ್ದರಷ್ಟೇ ಸಾಲದು, ಏಕೆಂದರೆ ನೋಂದಾಯಿತ ಸಿಮ್ ಮತ್ತು ಡೆಬಿಟ್ ಕಾರ್ಡು ಎರಡೂ ಸಿಕ್ಕವರು ಹೊಸದಾಗಿ ಜೋಡಿಸಬಲ್ಲರು. ಆದ್ದರಿಂದ ಆ ಖಾತೆಗೆ ಕಾರ್ಡು ಬೇಡವೆಂದು ಬರೆದುಕೊಡಿ, ಮನೆಯಲ್ಲೇ ಇರುವ ಕೀಪ್ಯಾಡ್ ಫೋನಿನ ನಂಬರನ್ನು ಅದಕ್ಕೆ ಕೊಡಿ, ಕೂಡಲೇ ಬೇಡವಾದ ಹಣವನ್ನು ಠೇವಣಿಗೆ ಹಾಕಿ. ಕೂಲಿ, ಗೊಬ್ಬರ, ಡೀಸೆಲ್ ಖರ್ಚಿಗೆ ಬೇಕಾದಷ್ಟನ್ನು ಎರಡನೆಯ ಖಾತೆಗೆ ವರ್ಗಾಯಿಸಿಕೊಳ್ಳಿ. ಪಿನ್ ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ತಪ್ಪುವ ಸಾಧ್ಯತೆ ಇದ್ದೇ ಇದೆ. ಆ ದಿನ ಹೋಗುವುದು ಒಂದು ವಾರದ ಖರ್ಚೋ ಒಂದು ವರ್ಷದ ಬೆಳೆಯೋ ಎಂಬುದು ಈ ಏರ್ಪಾಡಿನಿಂದ ತೀರ್ಮಾನವಾಗುತ್ತದೆ.

ಪಿನ್ ಆರಿಸುವಾಗ

ನಾಲ್ಕು ಅಂಕಿಯ ಪಿನ್ನುಗಳು ಒಟ್ಟು 10,000. ಸಾಮಾನ್ಯವಾಗಿ ಮೂರು ಸಲ ತಪ್ಪು ಹಾಕಿದರೆ ಆ ದಿನಕ್ಕೆ ಕಾರ್ಡು ನಿಲ್ಲುತ್ತದೆ. ಹೀಗಾಗಿ ಪಿನ್ ನಿಜವಾಗಿಯೂ ಅಡ್ಡಾದಿಡ್ಡಿ ಆಗಿದ್ದರೆ ಕಳ್ಳ ಊಹಿಸಿ ಗೆಲ್ಲುವುದು ಕಷ್ಟ. ಆದರೆ ಹುಟ್ಟಿದ ವರ್ಷ ಇಟ್ಟರೆ ಹತ್ತು ಸಾವಿರ ಹೋಗಿ ಎಪ್ಪತ್ತು ಎಂಬತ್ತಕ್ಕೆ ಇಳಿಯಿತು. ಪರ್ಸಿನಲ್ಲೇ ಆಧಾರ್ ಜೆರಾಕ್ಸ್ ಇದ್ದರೆ ಒಂದಕ್ಕೇ ಇಳಿಯಿತು. ನಮ್ಮಲ್ಲಿ ಇನ್ನೊಂದು ಅಭ್ಯಾಸ ಗಾಡಿ ನಂಬರು: ಕೆಎ 14 ಅಥವಾ ಕೆಎ 15ರ ಮುಂದಿನ ನಾಲ್ಕು ಅಂಕಿಯನ್ನೇ ಪಿನ್ ಮಾಡಿ, ಕಾರ್ಡನ್ನು ಅದೇ ಸ್ಕೂಟರಿನ ಡಿಕ್ಕಿಯಲ್ಲಿ ಇಡುವುದು. ಮದುವೆ ದಿನಾಂಕ, ಮೊಬೈಲಿನ ಕೊನೆಯ ನಾಲ್ಕು ಅಂಕಿ, ಕೀಲಿಮಣೆಯ ನಡುಗಂಬ 2580, ಇವೂ ಅದೇ ಸಾಲಿನವು.

ತಲೆಯಿಂದ ಯೋಚಿಸಿ ಆರಿಸಿದ ಅಂಕಿ ಯಾವತ್ತೂ ಅಡ್ಡಾದಿಡ್ಡಿ ಆಗಿರುವುದಿಲ್ಲ. ಸುಲಭದ ಉಪಾಯವೊಂದಿದೆ. ಕೈಯಲ್ಲಿರುವ ನಾಲ್ಕು ಹಳೇ ನೋಟುಗಳನ್ನು ತೆಗೆದು, ಒಂದೊಂದರ ಕ್ರಮಸಂಖ್ಯೆಯ ಕೊನೆಯ ಅಂಕಿಯನ್ನು ಸಾಲಾಗಿ ಹಿಡಿಯಿರಿ. ಆರು ಅಂಕಿ ಬೇಕಾದರೆ ಆರು ನೋಟು. ಬಂದ ಸಂಖ್ಯೆ ಚೆನ್ನಾಗಿಲ್ಲ ಎಂದು ಬದಲಿಸಬೇಡಿ, ಬದಲಿಸಿದರೆ ಮತ್ತೆ ನಿಮ್ಮ ಊಹೆಯೇ ಒಳಗೆ ಬರುತ್ತದೆ. ನೋಟುಗಳನ್ನು ಖರ್ಚು ಮಾಡಿಬಿಡಿ. ಹೊಸ ಪಿನ್ ಮರೆಯುವುದು ಮೊದಲ ವಾರದಲ್ಲೇ, ಅದರಿಂದ ಆ ವಾರ ದಿನಕ್ಕೊಮ್ಮೆ ಬ್ಯಾಲೆನ್ಸ್ ನೋಡಿದರೆ ಬೆರಳಿಗೆ ಹಿಡಿತ ಬರುತ್ತದೆ.

ಎಟಿಎಂ ಪಿನ್, ಯುಪಿಐ ಪಿನ್, ಫೋನಿನ ಲಾಕ್, ಈ ಮೂರೂ ಬೇರೆಯಾಗಿರಬೇಕು. ಕಾರಣ ಇದು: ಯುಪಿಐ ಪಿನ್ನನ್ನು ನಾವು ದಿನಕ್ಕೆ ಹತ್ತು ಸಲ ಎಲ್ಲರ ಮುಂದೆ ಒತ್ತುತ್ತೇವೆ. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಗಲ್ಲಾದ ಮೇಲೆ ಕ್ಯಾಮೆರಾ ಇರುತ್ತದೆ, ಬೆನ್ನ ಹಿಂದೆ ನಾಲ್ಕು ಜನ ಇರುತ್ತಾರೆ, ಫೋನನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಿರುತ್ತೇವೆ. ಅದೇ ಅಂಕಿ ಫೋನಿನ ಲಾಕಿಗೂ ಇದ್ದರೆ, ನೋಡಿಕೊಂಡವನು ಬಸ್ಸಿನ ನೂಕುನುಗ್ಗಲಿನಲ್ಲಿ ಫೋನು ಎಗರಿಸಿದರೆ ಸಾಕು. ಪಿನ್ ಒತ್ತುವಾಗ ಫೋನನ್ನು ಎದೆಯ ಕಡೆಗೆ ಓರೆಮಾಡಿ ಹಿಡಿಯಿರಿ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಬ್ಯಾಲೆನ್ಸ್ ನೋಡಲು. ಹಣ ಬರಲು ಪಿನ್ ಬೇಕಿಲ್ಲ. ‘ಬೆಳೆ ವಿಮೆ ದುಡ್ಡು ಹಾಕ್ತೀವಿ, ಪಿನ್ ಒತ್ತಿ’ ಅಂದವನು ಕಳ್ಳನೇ.

ಕಾರ್ಡಿನ ವಿಷಯದಲ್ಲಿ ಎರಡು ಬಟನ್ನು ಒತ್ತಿಟ್ಟರೆ ಅರ್ಧ ಚಿಂತೆ ಇಳಿಯುತ್ತದೆ. 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಿ ಪಾವತಿಸುವ ಸೌಲಭ್ಯ ಕಾರ್ಡುಗಳಲ್ಲಿದೆ. ಬಳಸದವರು ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಬಂದ್ ಮಾಡಿ. ಹೊರದೇಶದ ವ್ಯವಹಾರವನ್ನೂ ಬಂದ್ ಮಾಡಿ.

ಫೋನು ಮತ್ತು ಸಿಮ್

ಯುಪಿಐ ಪಿನ್ ಮರೆತರೆ ಹೊಸದು ಮಾಡಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ, ಮತ್ತು ಫೋನಿಗೆ ಬರುವ ಓಟಿಪಿ ಕೇಳುತ್ತದೆ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಈಗ ಫೋನಿನ ಕವರಿನ ಜೇಬಿನಲ್ಲಿ ಎಟಿಎಂ ಕಾರ್ಡು ಸಿಕ್ಕಿಸಿಕೊಂಡು ಓಡಾಡುವವರನ್ನು ನೆನೆದುಕೊಳ್ಳಿ. ಒಂದು ವಸ್ತು ಕಳೆದರೆ ಮೂರೂ ಹೋದವು. ಕಾರ್ಡು ಬೇರೆ, ಫೋನು ಬೇರೆ ಇರಲಿ.

ಫೋನಿಗೆ ಆರು ಅಂಕಿಯ ಲಾಕ್ ಹಾಕಿ, 30 ಸೆಕೆಂಡಿನಲ್ಲಿ ತಾನಾಗಿ ಮುಚ್ಚುವಂತೆ ಇಡಿ. ಗೆರೆ ಎಳೆಯುವ ಪ್ಯಾಟರ್ನ್ ಬೇಡ. ಎಣ್ಣೆ ಹತ್ತಿದ ಬೆರಳಿನ ಗುರುತು ಗಾಜಿನ ಮೇಲೆ ಹಾಗೇ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಭಾಗಕ್ಕೆ ಹೋಗಿ, ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳವಿವರ ಕಾಣದಂತೆ ಮಾಡಿ. ಇಲ್ಲದಿದ್ದರೆ ಲಾಕ್ ಇದ್ದರೂ ಓಟಿಪಿ ಮೇಲೆಯೇ ಓದಲು ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಹೆಚ್ಚಿನವರು ಬಿಡುವ ಬಾಗಿಲು ಸಿಮ್. ಕಳ್ಳ ನಿಮ್ಮ ಫೋನು ತೆರೆಯುವ ಕಷ್ಟ ಪಡುವುದಿಲ್ಲ, ಸಿಮ್ ತೆಗೆದು ತನ್ನ ಫೋನಿಗೆ ಹಾಕುತ್ತಾನೆ, ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಇದನ್ನು ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಸಿಮ್ ಲಾಕ್ ಎಂದಿರುತ್ತದೆ. ಅದನ್ನು ತೆರೆದಾಗ ಮೊದಲು ಕಂಪನಿಯ ಮೂಲ ಪಿನ್ ಕೇಳುತ್ತದೆ, ಅದನ್ನು ಊಹಿಸಿ ಹಾಕಬೇಡಿ, ಕಸ್ಟಮರ್ ಕೇರಿಗೆ ಕೇಳಿ. ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗಿ ಅದನ್ನು ಬಿಡಿಸುವ, ಪಿಯುಕೆ ಎಂಬ ಎಂಟು ಅಂಕಿಯ ಸಂಖ್ಯೆ ಕೇಳುತ್ತದೆ. ಪಿಯುಕೆಯನ್ನು ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಎಂದಿಗೂ ಕೆಲಸ ಮಾಡುವುದಿಲ್ಲ, ಹೊಸದನ್ನೇ ತರಬೇಕು. ಆದ್ದರಿಂದ ಪಿಯುಕೆ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಎಚ್ಚರ: ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದೆ ಫೋನು ಸತ್ತು, ಮತ್ತೆ ಚಾಲೂ ಮಾಡಿದಾಗ ಸಿಮ್ ಪಿನ್ ಹಾಕದೆ ಯಾವ ಕರೆಯೂ ಬರುವುದಿಲ್ಲ. ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯ ಫೋನಿಗೆ ಇದನ್ನು ಹಾಕುವ ಮುನ್ನ ಆಕೆಗೆ ಎರಡು ಸಲ ಅಭ್ಯಾಸ ಮಾಡಿಸಿ, ಇಲ್ಲವೇ ಹಾಕಬೇಡಿ.

ಹಳೇ ನಂಬರನ್ನು ಬಿಟ್ಟಿದ್ದರೆ ಬ್ಯಾಂಕಿನಲ್ಲಿ ಬದಲಿಸಲು ತಡ ಮಾಡಬೇಡಿ. ನಿಂತುಹೋದ ನಂಬರನ್ನು ಕಂಪನಿಗಳು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ನಿಮ್ಮ ಖಾತೆಯ ಸಂದೇಶಗಳು ಅವರಿಗೆ ಹೋಗುತ್ತಿರುತ್ತವೆ.

ವಾಟ್ಸಾಪಿನಲ್ಲಿ ಮದುವೆ ಆಮಂತ್ರಣ, ಪಿಎಂ ಕಿಸಾನ್, ಗಾಡಿ ದಂಡ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ತೆರೆದರೆ ಪಿನ್ ಯಾರಿಗೂ ಹೇಳಬೇಕಾಗಿಯೇ ಇಲ್ಲ. ಅದು ಸಂದೇಶ ಓದುವ ಅನುಮತಿ ಪಡೆದು ಓಟಿಪಿಯನ್ನು ತಾನೇ ಸಾಗಿಸುತ್ತದೆ. ಕಳಿಸಿದವರು ನೆಂಟರೇ ಆಗಿದ್ದರೂ ತೆರೆಯಬೇಡಿ, ಅವರ ಫೋನು ಆಗಲೇ ಬೇರೆಯವರ ಕೈಯಲ್ಲಿರಬಹುದು. ತೆರೆದುಬಿಟ್ಟಿದ್ದರೆ ಮೊದಲು ಡೇಟಾ, ವೈಫೈ ಎರಡನ್ನೂ ಬಂದ್ ಮಾಡಿ ಸಿಮ್ ಹೊರತೆಗೆಯಿರಿ, ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ.

ಪಾಸ್‌ವರ್ಡ್, ಈಮೇಲ್, ಸೈಬರ್ ಸೆಂಟರ್

ಪಾಸ್‌ವರ್ಡಿನ ಬಲ ಉದ್ದದಲ್ಲಿದೆ, ಚಿಹ್ನೆಗಳಲ್ಲಿ ಅಲ್ಲ. ಹೆಸರು, ಅದರ ಮುಂದೆ ಅಟ್ ಗುರುತು, 123 ಎಂಬ ಮಾದರಿ ಎಲ್ಲರಿಗೂ ಗೊತ್ತಿರುವುದರಿಂದ ಯಂತ್ರಕ್ಕೂ ಗೊತ್ತು. ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಗೆರೆ ಹಾಕಿ ಬರೆಯಿರಿ. ‘ಜರಡಿ, ಮೂಗುತಿ, ಹದಿನಾರು, ಸುಣ್ಣ, ಪಂಚೆ’ ಈ ಥರದ್ದು (ಇದನ್ನೇ ಬಳಸಬೇಡಿ). ಪದಗಳನ್ನು ಆರಿಸಲು ನಿಘಂಟಿನ ಪುಟವನ್ನು ಕಣ್ಣು ಮುಚ್ಚಿ ತೆರೆದು ಬೆರಳಿಡಿ. ಗಾದೆ, ವಚನ, ಹಾಡಿನ ಸಾಲು, ಮನೆದೇವರ ಹೆಸರು ಬೇಡ, ಅವು ಎಲ್ಲರ ಬಾಯಲ್ಲಿರುವ ಜೋಡಣೆಗಳು. ಕನ್ನಡ ಪದ ಇಂಗ್ಲಿಷ್ ಅಕ್ಷರಕ್ಕೆ ಬಂದಾಗ ದೀರ್ಘಕ್ಕೆ ಒಂದು ‘ಎ’ ಹಾಕಿದೆವೋ ಎರಡೋ ಎಂಬಲ್ಲಿ ಜನ ಸಿಕ್ಕಿಬೀಳುತ್ತಾರೆ. ಎಲ್ಲ ಕಡೆ ಒಂದೇ, ಅಥವಾ ಎಲ್ಲ ಕಡೆ ಎರಡು ಎಂದು ಒಮ್ಮೆಗೇ ನಿರ್ಧರಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಎಂಬ ಹಳೇ ಸಲಹೆಯನ್ನು ಈಗ ತಜ್ಞರು ಕೈಬಿಟ್ಟಿದ್ದಾರೆ, ಏಕೆಂದರೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಸೋರಿದೆ ಎಂದು ಅನುಮಾನ ಬಂದಾಗ ಬದಲಿಸಿದರೆ ಸಾಕು.

ಇಂಥ ಉದ್ದದ ಪಾಸ್‌ವರ್ಡು ತಲೆಯಲ್ಲಿ ಬೇಕಾಗುವುದು ಎರಡಕ್ಕೆ: ಈಮೇಲಿಗೆ ಮತ್ತು ಪಾಸ್‌ವರ್ಡ್ ಮ್ಯಾನೇಜರಿಗೆ. ಉಳಿದುದನ್ನು ಬಿಟ್‌ವಾರ್ಡನ್‌ನಂಥ ಉಚಿತ ಮ್ಯಾನೇಜರೋ ಫೋನಿನಲ್ಲೇ ಇರುವ ಗೂಗಲಿನದೋ ಹುಟ್ಟಿಸಿ ನೆನಪಿಟ್ಟುಕೊಳ್ಳಲಿ.

ಈಮೇಲನ್ನು ಯಾಕೆ ಮೊದಲು ಹೇಳಿದ್ದೆಂದರೆ, ಬೇರೆಲ್ಲ ಪಾಸ್‌ವರ್ಡು ಮರೆತಾಗ ಹೊಸದು ಬರುವುದು ಅಲ್ಲಿಗೇ. ನಮ್ಮ ಕಡೆ ತುಂಬ ಜನರ ಜಿಮೇಲ್ ಹುಟ್ಟಿದ್ದು ಸೈಬರ್ ಸೆಂಟರಿನಲ್ಲಿ: ಮಗಳ ಸ್ಕಾಲರ್‌ಶಿಪ್ಪಿಗೋ, ಸೇವಾ ಸಿಂಧು ಅರ್ಜಿಗೋ, ಪಾನ್ ಕಾರ್ಡಿಗೋ. ಪಾಸ್‌ವರ್ಡು ಹಾಕಿದವರು ಅಂಗಡಿಯವರು, ಬರೆದಿಟ್ಟದ್ದು ಅವರ ನೋಟ್‌ಬುಕ್ಕಿನಲ್ಲಿ, ಎಷ್ಟೋ ಸಲ ರಿಕವರಿ ನಂಬರೂ ಅವರದೇ. ಇವತ್ತೇ ಪರೀಕ್ಷಿಸಿ: ಗೂಗಲ್ ಅಕೌಂಟ್ ತೆರೆದು ಸೆಕ್ಯುರಿಟಿ ಭಾಗದಲ್ಲಿ ರಿಕವರಿ ಫೋನ್, ರಿಕವರಿ ಈಮೇಲ್ ನಿಮ್ಮವೇ ಹೌದೋ ನೋಡಿ. ಅಲ್ಲೇ ಕೆಳಗೆ ‘ನಿಮ್ಮ ಸಾಧನಗಳು’ ಎಂಬಲ್ಲಿ ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡು ಬದಲಿಸಿ. ಸೈಬರ್ ಸೆಂಟರಿನಲ್ಲಿ ಪಾಸ್‌ವರ್ಡನ್ನು ನೀವೇ ಒತ್ತಿ. ಒತ್ತಲು ಬಾರದವರು ಅಂಗಡಿಯವರಿಂದ ಮಾಡಿಸಿ ಅದೇ ಸಂಜೆ ಮನೆಯಲ್ಲಿ ಮಕ್ಕಳ ಸಹಾಯದಿಂದ ಬದಲಿಸಲಿ. ಅಂಗಡಿ ನಡೆಸುವವರಿಗೂ ಇದರಲ್ಲೇ ಕ್ಷೇಮ: ಊರಿನ ಅರ್ಧ ಜನರ ಪಾಸ್‌ವರ್ಡು ನಿಮ್ಮ ಪುಸ್ತಕದಲ್ಲಿದ್ದರೆ, ಯಾರದೋ ದುಡ್ಡು ಹೋದಾಗ ಮೊದಲು ಕೇಳಿಬರುವುದು ನಿಮ್ಮ ಹೆಸರು.

ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಸಂಖ್ಯೆ ಕೇಳುವ ಎರಡನೇ ಹಂತದ ಪರಿಶೀಲನೆಯನ್ನೂ ಹಾಕಿ, ಆದರೆ ಸಿಗ್ನಲ್ ಇಲ್ಲದ ಮನೆಯವರು ಎಸ್ಸೆಮ್ಮೆಸ್ ಆರಿಸಬೇಡಿ. ಓಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅಥೆಂಟಿಕೇಟರ್ ಆ್ಯಪು ಫೋನಿನ ಗಡಿಯಾರ ನೋಡಿ 30 ಸೆಕೆಂಡಿಗೊಂದು ಸಂಖ್ಯೆ ಹುಟ್ಟಿಸುತ್ತದೆ, ಅದಕ್ಕೆ ಸಿಗ್ನಲ್ಲೇ ಬೇಡ. ಸಂಖ್ಯೆ ಸರಿಯಾಗಿದ್ದರೂ ಒಪ್ಪದಿದ್ದರೆ ಸಾಮಾನ್ಯವಾಗಿ ಫೋನಿನ ಗಡಿಯಾರ ತಪ್ಪಿದೆ ಎಂದು ಅರ್ಥ, ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿ. ವಾಟ್ಸಾಪಿಗೂ ಆರು ಅಂಕಿಯ ಎರಡು ಹಂತದ ಪಿನ್ ಇದೆ, ಹಾಕಿಕೊಳ್ಳಿ.

ಬರೆದಿಡುವುದು

ಬರೆಯಲೇಬಾರದು ಎಂಬುದು ಸರಿಯಾದ ಸಲಹೆಯಲ್ಲ. ಎಟಿಎಂ ಮತ್ತು ಯುಪಿಐ ಪಿನ್ ಬರೆಯಬಾರದು, ಮರೆತರೆ ಹೊಸದು ಮಾಡಿಕೊಳ್ಳಬಹುದು. ಈಮೇಲಿನ ಪಾಸ್‌ವರ್ಡು, ಮ್ಯಾನೇಜರಿನ ಪಾಸ್‌ವರ್ಡು, ಸಿಮ್ಮಿನ ಪಿಯುಕೆ, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳು, ಇವನ್ನು ಬರೆದಿಡಲೇಬೇಕು. ‘ಎಟಿಎಂ ಬಸಣ್ಣ’ ಎಂಬ ಹೆಸರಿನಲ್ಲಿ ಫೋನಿನ ಕಾಂಟ್ಯಾಕ್ಟಿನಲ್ಲಿ ಅಡಗಿಸುವುದು ಕಳ್ಳರು ಮೊದಲು ನೋಡುವ ಜಾಗ. ಕಾಗದದಲ್ಲಿ ಬರೆಯಿರಿ, ಪೆನ್ಸಿಲ್ ಅಥವಾ ಬಾಲ್ ಪೆನ್ನಿನಲ್ಲಿ. ಜೆಲ್ ಪೆನ್ನಿನ ಶಾಯಿ ಆಷಾಢದ ತೇವಕ್ಕೆ ಹರಡಿ ಸೊನ್ನೆಗೂ ಆರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಜೊತೆಗಿಟ್ಟು ಬೀರುವಿನಲ್ಲಿಡಿ. ಮಣ್ಣಿನ ಗೋಡೆಗೆ ತಾಗಿದ ಕಪಾಟು ಬೇಡ, ಗೆದ್ದಲು ಬರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಬೂಷ್ಟು ಹಿಡಿದಿದೆಯೋ ನೋಡಿ.

ಅದೇ ಚೀಲದಲ್ಲಿ ಇನ್ನೊಂದು ಹಾಳೆ ಇರಲಿ: ಯಾವ ಬ್ಯಾಂಕು, ಯಾವ ಶಾಖೆ, ಯಾವ ವಿಮೆ, ನಾಮಿನಿ ಯಾರು. ಪಿನ್ ಬೇಡ. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡಿನಿಂದ ಹಣ ತೆಗೆಯುವಂತಿಲ್ಲ, ಉಳಿದ ವಾರಸುದಾರರೊಡನೆ ಜಗಳಕ್ಕೂ ಕೇಸಿಗೂ ಅದು ದಾರಿ. ನಾಮಿನಿ ಮರಣ ಪ್ರಮಾಣಪತ್ರ ಕೊಟ್ಟು ನೇರವಾಗಿ ಪಡೆಯಬಹುದು.

ಹೆಬ್ಬೆಟ್ಟು

ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚಿನಲ್ಲೇ ಹಣ ತೆಗೆಯಬಹುದು, ಅಲ್ಲಿ ಪಿನ್ನೂ ಇಲ್ಲ ಓಟಿಪಿಯೂ ಇಲ್ಲ. 2023ರಲ್ಲಿ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚು ಕದ್ದು ಹೀಗೆ ಹಣ ತೆಗೆದ ಪ್ರಕರಣಗಳು ಹೊರಬಂದವು. ತೋಟ, ಗದ್ದೆ ನೋಂದಣಿ ಮಾಡಿಸಿದವರೆಲ್ಲ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕುವುದು ಒಳ್ಳೆಯದು. ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಲಾಕ್ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರವೂ ಬೆರಳನ್ನು ಒಪ್ಪುವುದಿಲ್ಲ. ರೇಷನ್ನಿಗೆ ಹೋದಾಗ ತಾತ್ಕಾಲಿಕವಾಗಿ ತೆರೆಯಿರಿ, ಹತ್ತು ನಿಮಿಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ತೆರೆಯಲಾಗದು, ಅದನ್ನು ಮುಂಚೆ ನೋಡಿಕೊಳ್ಳಿ. ಅಡಿಕೆ ಸುಲಿದು ಚೊಗರು ಹಿಡಿದ ಬೆರಳನ್ನು ಯಂತ್ರ ಓದದಿದ್ದಾಗ ನಾಲ್ಕಾರು ಸಲ ಒತ್ತಿಸುತ್ತಾರೆ. ಪ್ರತಿ ಸಲವೂ ಪರದೆಯ ಮೇಲೆ ಮೊತ್ತ ಏನೆಂದು ನೋಡಿ, ‘ಆಗಿಲ್ಲ’ ಎಂದರೆ ಅದರ ಚೀಟಿ ಕೇಳಿ ಪಡೆಯಿರಿ.

ಸೊಸೈಟಿ ಮತ್ತು ಅಂಗಡಿಗಳು

ಸಹಕಾರ ಸಂಘಗಳಲ್ಲಿ ಕಾರ್ಯದರ್ಶಿಯ ಲಾಗಿನ್‌ನಿಂದ ಗುಮಾಸ್ತರು ಕೆಲಸ ಮಾಡುವುದು ಸಾಮಾನ್ಯ. ದಾಖಲೆಯಲ್ಲಿ ಉಳಿಯುವುದು ಕಾರ್ಯದರ್ಶಿಯ ಹೆಸರು, ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾದವರೂ ಅವರೇ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿಸಿ, ನಮೂದಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಇರಲಿ, ಕೆಲಸ ಬಿಟ್ಟವರ ಲಾಗಿನ್ನನ್ನು ಅದೇ ದಿನ ಮುಚ್ಚಿ. ಅಂಗಡಿಯ ಹುಡುಗರಿಗೆ ಹಣ ಪಡೆಯಲು ಕ್ಯೂಆರ್ ಸಾಕು, ಮಾಲೀಕರ ಪಿನ್ ಬೇಡ.

ದುಡ್ಡು ಹೋದಾಗ, ಫೋನು ಕಳೆದಾಗ

ಹಣ ಹೋದದ್ದು ಕಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹಣ ಇನ್ನೂ ಯಾವುದೋ ಖಾತೆಯಲ್ಲಿ ಇರುತ್ತದೆ, ಅಲ್ಲೇ ತಡೆಯಲು ಸಾಧ್ಯ. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಸಮಯ, ಯುಪಿಐನ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದಾಖಲಿಸಿ. ಆಮೇಲೆ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ, ದೂರಿನ ಸಂಖ್ಯೆ ಪಡೆಯಿರಿ. ಬ್ಯಾಂಕಿನ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರು ಹಾಕಿದ ನಂಬರುಗಳೂ ಸಿಗುತ್ತವೆ. ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಹಿಂಬದಿಯಲ್ಲಿ ಇದೆ, ಅಥವಾ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ಬ್ಯಾಂಕಿನ ತಾಣದಲ್ಲಿ ನೋಡಿ. ಮಾರನೆಯ ದಿನ ಶಾಖೆಯಲ್ಲಿ ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮೂರು ದಿನದ ಲೆಕ್ಕಕ್ಕೆ ಅದೇ ಸಾಕ್ಷಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಶಿವಮೊಗ್ಗದಲ್ಲಿದೆ. ಅಷ್ಟು ದೂರ ಹೋಗಲಾಗದವರು ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು.

ಫೋನೇ ಕಳೆದಿದ್ದರೆ ಮೊದಲು ಸಿಮ್. ಮನೆಯವರ ಫೋನಿನಿಂದ ಕಂಪನಿಗೆ ಕರೆ ಮಾಡಿ ಅದನ್ನು ಬಂದ್ ಮಾಡಿಸಿ, ನಂತರ ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ಕಾರ್ಡು ನಿಲ್ಲಿಸಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಮೂಲಕ ಕಳೆದುಹೋದ ವರದಿ ಪಡೆದು, ಅದರ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತಡೆಹಿಡಿಸಿ. ಆ ಸಂಖ್ಯೆ ಬೇಕೆಂದರೆ ಈಗಲೇ *#06# ಒತ್ತಿ, ಬಂದದ್ದನ್ನು ಬೀರುವಿನ ಹಾಳೆಗೆ ಸೇರಿಸಿ. ಫೋನಿನ ಡಬ್ಬದ ಮೇಲೂ ಇರುತ್ತದೆ, ಡಬ್ಬ ಎಸೆಯಬೇಡಿ.

ನಿಮ್ಮ ದೂರು ತಲುಪಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ತೀರ್ಮಾನಿಸಬೇಕು. 30 ದಿನದಲ್ಲಿ ಉತ್ತರವೇ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಕಾಗದದಲ್ಲಿ ಬರೆದೂ ಕಳುಹಿಸಬಹುದು, ಮಾಹಿತಿಗೆ 14448. ಶಾಖೆಯ ಸೀಲು ಇರುವ ದೂರಿನ ಪ್ರತಿ, 1930ರ ದೂರು ಸಂಖ್ಯೆ ಮತ್ತು ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸನ್ನು ಅದಕ್ಕೆ ಲಗತ್ತಿಸಿ.